ಮಿಶಿಗನ್ ಪ್ರೈಮರಿ: ಬೈಡನ್‌ಗೆ 81% ಬಂತು, ಆದ್ರೆ ಬೂತಲ್ಲಿ ಕೂತು ನಾನು ನೋಡಿದ್ದು ಬೇರೆ

ತೀರ್ಥಹಳ್ಳಿ_ನೋವೈ | ಫೆಬ್ರವರಿ 29, 2024

ಎಲ್ಲರಿಗೂ ನಮಸ್ಕಾರ. ಮೊನ್ನೆ ಮಂಗಳವಾರ 27ಕ್ಕೆ ಇಲ್ಲಿ ಪ್ರೆಸಿಡೆಂಟ್ ಪ್ರೈಮರಿ (ನವೆಂಬರ್ ಚುನಾವಣೆಗೆ ಪಾರ್ಟಿ ಕ್ಯಾಂಡಿಡೇಟ್ ಯಾರು ಅಂತ ಆರಿಸೋ ವೋಟು) ಇತ್ತಲ್ಲ, ನಾನು ಬೂತ್ ಡ್ಯೂಟಿ ಮಾಡಿದೆ. ಬೆಳಿಗ್ಗೆ 7ಕ್ಕೆ ಬಾಗಿಲು ತೆಗೆದು ರಾತ್ರಿ 8ಕ್ಕೆ ಮುಚ್ಚಿ, ಲೆಕ್ಕ ತಾಳೆ ನೋಡಿ, ಸೀಲ್ ಹಾಕಿ ಮನೆಗೆ ಬರೋ ಹೊತ್ತಿಗೆ ಹತ್ತೂವರೆ. ಅವತ್ತಿಂದ ತಲೇಲಿ ಒಂದೇ ವಿಷ್ಯ ಕೊರೀತಿದೆ, ಕನ್ನಡದಲ್ಲೇ ಹೇಳ್ಕೊಂಡ್ರೆ ಸಮಾಧಾನ ಅನ್ಸಿ ಇಲ್ಲಿ ಬರೀತಿದೀನಿ.

ಗೊತ್ತಿಲ್ಲದೋರಿಗೆ: ಮಿಶಿಗನ್‌ನಲ್ಲಿ ಪಾರ್ಟಿ ಹೆಸರಲ್ಲಿ ವೋಟರ್ ರಿಜಿಸ್ಟ್ರೇಶನ್ ಅನ್ನೋದೇ ಇಲ್ಲ. ಪ್ರೈಮರಿ ದಿನ ಬಂದು ಒಂದು ಫಾರಂ ತುಂಬಿ, ಡೆಮೊಕ್ರಾಟಿಕ್ ಬ್ಯಾಲೆಟ್ ಬೇಕಾ ರಿಪಬ್ಲಿಕನ್ ಬ್ಯಾಲೆಟ್ ಬೇಕಾ ಅಂತ ಟಿಕ್ ಹಾಕಿ ಕೊಡ್ಬೇಕು. ನಾನು ಕೂತಿದ್ದು ಆ ಫಾರಂ ಟೇಬಲ್ಲಲ್ಲಿ. ಒಳಗೆ ಯಾರು ಯಾರಿಗೆ ಹಾಕಿದ್ರು ಅಂತ ನನಗೆ ಗೊತ್ತಾಗಲ್ಲ, ಗೊತ್ತಾಗಲೂ ಬಾರ್ದು. ಆದ್ರೆ ಫಾರಂ ತುಂಬೋವಾಗ ಮುಖ ಕಾಣತ್ತಲ್ವಾ.

ರಿಸಲ್ಟ್ ನೋಡಿದ್ರೆ ಬೈಡನ್‌ಗೆ ಸುಮಾರು 6 ಲಕ್ಷ 20 ಸಾವಿರ ವೋಟು, 81%. ಅನ್‌ಕಮಿಟೆಡ್, ಅಂದ್ರೆ ಯಾವ ಕ್ಯಾಂಡಿಡೇಟಿಗೂ ಇಲ್ಲ ಅನ್ನೋ ಖಾನೆಗೆ 1 ಲಕ್ಷದ ಮೇಲೆ, 13%. ಟಿವೀಲಿ ಎಲ್ಲಾ ಆ 13% ಹಿಡ್ಕೊಂಡು ಕೂತಿದಾರೆ. ನನಗೆ ಅದಕ್ಕಿಂತ ಜಾಸ್ತಿ ಕಾಡ್ತಿರೋದು ಬೈಡನ್‌ಗೇ ಹಾಕಿದೋರು.

ನಮ್ಮ ಬೀದಿ ಕೊನೇಲಿ ಒಬ್ರು ಹಿರಿಯ ಹೆಂಗಸು ಇದಾರೆ, ಕಪ್ಪು ಜನಾಂಗದವರು, ಕಾರ್ ಪ್ಲಾಂಟಲ್ಲಿ 30 ವರ್ಷ ದುಡಿದು ರಿಟೈರ್ ಆದವರು. 2020ರ ನವೆಂಬರಲ್ಲಿ ಇವರು ಕಾರ್ ತುಂಬ ಜನರನ್ನ ಕರ್ಕೊಂಡು ಬಂದಿದ್ರು, ಚರ್ಚಿನೋರು ಇಬ್ರು, ಮೊಮ್ಮಗ, ಆಚೆಮನೆ ಅಜ್ಜ. ಅವತ್ತು ಮಾಸ್ಕ್ ಹಿಂದೇನೂ ನಗು ಕಾಣ್ತಿತ್ತು. ಮೊನ್ನೆ ಸಂಜೆ ಆರಕ್ಕೆ ಒಬ್ಬರೇ ಬಂದ್ರು. ಫಾರಂ ತುಂಬಿದ್ರು, ಬ್ಯಾಲೆಟ್ ತಗೊಂಡ್ರು, ಹಾಕಿದ್ರು. ಹೋಗೋವಾಗ ವೋಟ್ ಮಾಡಿದೀನಿ ಅನ್ನೋ ಸ್ಟಿಕರ್ ಕೊಟ್ಟೆ, ಕೋಟಿಗೆ ಅಂಟಿಸ್ಕೊಳ್ಳದೆ ಜೇಬಿಗೆ ಹಾಕ್ಕೊಂಡ್ರು. ಮಾರನೇ ದಿನ ಅವರ ಮನೆ ಮುಂದೆ ಸಿಕ್ಕಾಗ ಮೊಮ್ಮಗ ಹೆಂಗಿದಾನೆ ಅಂದೆ, "ಫೋನ್ ಮಾಡಿ ಕರೆದೆ, ಯಾಕೆ ಬರ್ಬೇಕು ಅಂದ, ನನಗೆ ಉತ್ತರ ಹೊಳೀಲಿಲ್ಲ" ಅಂದ್ರು.

ಇವರ ವೋಟು ಆ 81%ನಲ್ಲಿ ಸೇರಿರ್ಬಹುದು. ಮೊಮ್ಮಗನದು ಯಾವ ಪರ್ಸೆಂಟಲ್ಲೂ ಇಲ್ಲ. ನನ್ನ ಭಯ ಅದೇ.

---

ದಾವಣಗೆರೆ_ಓದುಗ | ಫೆಬ್ರವರಿ 29

ಅಕ್ಕ ಚೆನ್ನಾಗಿ ಬರ್ದಿದೀರಿ. ಒಂದು ಡೌಟು, ಅನ್‌ಕಮಿಟೆಡ್ ಅಂದ್ರೆ ನಮ್ಮ ನೋಟಾ ತರಾನಾ? ಹಂಗಿದ್ರೆ ಅದಕ್ಕೆ ಯಾಕಿಷ್ಟು ಸುದ್ದಿ, ನೋಟಾಗೆ ಎಷ್ಟೇ ಬಿದ್ರೂ ಉಳಿದೋರಲ್ಲಿ ಮುಂದಿರೋನೇ ಗೆಲ್ಲೋದು ತಾನೇ. ಮತ್ತೆ 81% ಅಂದ್ರೆ ಭರ್ಜರಿ ಅಲ್ವಾ, ನಮ್ಮಲ್ಲಿ ಯಾರಾದ್ರೂ 81 ತಗೊಂಡ್ರೆ ಊರೆಲ್ಲಾ ಪಟಾಕಿ ಹೊಡೀತಾರೆ.

---

ತೀರ್ಥಹಳ್ಳಿ_ನೋವೈ | ಫೆಬ್ರವರಿ 29

ನೋಡೋಕೆ ನೋಟಾ ತರಾನೇ, ಆದ್ರೆ ಇದಕ್ಕೆ ಸ್ವಲ್ಪ ಬೆಲೆ ಇದೆ. ಕ್ಯಾಂಡಿಡೇಟ್ ಆರಿಸೋಕೆ ಪಾರ್ಟಿ ಅಧಿವೇಶನಕ್ಕೆ ಹೋಗೋ ಡೆಲಿಗೇಟ್‌ಗಳನ್ನ (ಪ್ರತಿನಿಧಿಗಳನ್ನ) ಈ ವೋಟಿನ ಪ್ರಕಾರ ಹಂಚ್ತಾರೆ, ಇಡೀ ರಾಜ್ಯದಲ್ಲೋ ಒಂದು ಕಾಂಗ್ರೆಷನಲ್ ಡಿಸ್ಟ್ರಿಕ್ಟಲ್ಲೋ (ನಮ್ಮ ಲೋಕಸಭಾ ಕ್ಷೇತ್ರದ ತರ) 15% ದಾಟಿದ್ರೆ ಪಾಲು ಸಿಗತ್ತೆ. ಎರಡು ಡಿಸ್ಟ್ರಿಕ್ಟಲ್ಲಿ ದಾಟಿದೆ, ಹಾಗಾಗಿ 117ರಲ್ಲಿ 2 ಡೆಲಿಗೇಟ್ ಅನ್‌ಕಮಿಟೆಡ್‌ಗೆ. ಎರಡೇ ಎರಡು, ಆದ್ರೂ ಇದಾರೆ.

81ರ ವಿಷ್ಯ. ಎದುರಿಗೆ ಹೇಳ್ಕೊಳ್ಳೋವಂಥ ಕ್ಯಾಂಡಿಡೇಟೇ ಇಲ್ಲದಾಗ ಹಾಲಿ ಅಧ್ಯಕ್ಷನಿಗೆ 81 ಬರೋದು ಬೇರೆ. ಇದು ಖಾಲಿ ಕುರ್ಚಿ ಜೊತೆ ಪೈಪೋಟಿ, ಆ ಖಾಲಿ ಕುರ್ಚಿಗೆ ಲಕ್ಷ ಜನ ಹಾಕಿದ್ರು. ಅನ್‌ಕಮಿಟೆಡ್ ಹಾಕಿ ಅಂತ ಕೇಳೋ ಚಳವಳಿ ಶುರುವಾಗಿದ್ದು ಪ್ರೈಮರಿಗೆ ಬರೀ ಮೂರು ವಾರ ಮುಂಚೆ, ಅವರು ಕೇಳಿದ್ದು 10 ಸಾವಿರ. 2016ರಲ್ಲಿ ಟ್ರಂಪ್ ಇಲ್ಲಿ ಗೆದ್ದಿದ್ದು 10,704 ವೋಟಲ್ಲಿ, ಆ ಲೆಕ್ಕ ನೆನಪಿಸೋಕೆ ಅಷ್ಟು ಸಾಕು ಅಂತ. ಬಂದಿದ್ದು ಹತ್ತು ಪಟ್ಟು.

---

ಕುಡ್ಲ_ಟು_ಟ್ರಾಯ್ | ಮಾರ್ಚ್ 1

ಮೇಡಮ್, ನಿಮ್ಮ ಕಾಳಜಿ ಅರ್ಥ ಆಗ್ತದೆ ಆದ್ರೆ ಸ್ವಲ್ಪ ಜಾಸ್ತಿ ಹೆದರ್ತಾ ಇದ್ದೀರಿ ಅಂತ ನಂಗೆ ಕಾಣ್ತದೆ. 2012ರಲ್ಲಿ ಒಬಾಮಾಗೂ ಇದೇ ಮಿಶಿಗನ್‌ನಲ್ಲಿ 10.7% ಅನ್‌ಕಮಿಟೆಡ್ ಬಿದ್ದಿತ್ತು. ಅದೇ ವರ್ಷ ವೆಸ್ಟ್ ವರ್ಜೀನಿಯಾದಲ್ಲಿ ಜೈಲಲ್ಲಿದ್ದ ಒಬ್ಬ ಕೈದಿ ಒಬಾಮಾ ವಿರುದ್ಧ ನಿಂತು 41% ತಗೊಂಡ ಮಾರಾಯ್ರೆ, ಜೈಲೊಳಗೆ ಕೂತ್ಕೊಂಡು. ನವೆಂಬರಲ್ಲಿ ಆದದ್ದೇನು? ಮಿಶಿಗನ್ ಒಂಬತ್ತೂವರೆ ಪಾಯಿಂಟಲ್ಲಿ ಗೆದ್ರು, ದೇಶವೂ ಗೆದ್ರು. ಪ್ರೈಮರಿಯಲ್ಲಿ ಸಿಟ್ಟು ತೋರಿಸುವುದು ಬೇರೆ, ಎದುರಿಗೆ ಟ್ರಂಪ್ ಉಂಟು ಅಂತಾದಾಗ ಹಾಕುವುದು ಬೇರೆ. ಸಿಟ್ಟಾದವರು ಮನೆಗೆ ವಾಪಸ್ ಬರ್ತಾರೆ, ಬೇರೆ ದಾರಿ ಎಲ್ಲುಂಟು ಅವರಿಗೆ?

ಇನ್ನೊಂದು, ರಿಪಬ್ಲಿಕನ್ ಕಡೆ ನೋಡಿ, ಟ್ರಂಪ್ ಎದುರು ನಿಂತ ನಿಕಿ ಹೇಲಿಗೆ 26% ಮೇಲೆ ಬಿತ್ತು. ಟ್ರಂಪ್ ಕೂಡ ಹೆಚ್ಚುಕಮ್ಮಿ ಹಾಲಿ ಅಧ್ಯಕ್ಷನ ಹಾಗೆಯೇ ನಿಂತದ್ದಲ್ವಾ, ನಾಲ್ಕರಲ್ಲಿ ಒಬ್ಬ ಬೇಡ ಅಂದ. ಆ ಬಿರುಕಿನ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

---

ತೀರ್ಥಹಳ್ಳಿ_ನೋವೈ | ಮಾರ್ಚ್ 1

ಹೇಲಿ ಮಾತು ಒಪ್ತೀನಿ, ಅದು ನಿಜವಾದ ಬಿರುಕೇ. ಆದ್ರೆ ಒಬಾಮಾ ಹೋಲಿಕೆ ಒಪ್ಪಲ್ಲ. 2012ರ 10.7% ಅಂದ್ರೆ ಸುಮಾರು 21 ಸಾವಿರ ವೋಟು, ಆವಾಗ ಯಾರೂ ಮನೆಮನೆಗೆ ಹೋಗಿ ಹಂಗೆ ಹಾಕಿ ಅಂತ ಕೇಳಿರ್ಲಿಲ್ಲ. ಈ ಸಲ ಲಕ್ಷ, ಕೇಳಿ ಹಾಕಿಸಿದ್ದು. ಪರ್ಸೆಂಟ್ ಹತ್ರ ಹತ್ರ ಕಾಣತ್ತೆ, ಜನ ಐದು ಪಟ್ಟು.

ಆಮೇಲೆ "ಬೇರೆ ದಾರಿ ಎಲ್ಲುಂಟು" ಅಂದ್ರಲ್ಲ, ಅಲ್ಲೇ ನನಗೆ ತಡೆಯೋದು. 2016ರಲ್ಲೂ ಇದೇ ಮಾತು ಕೇಳಿದ್ದೆ. ಇನ್ನೊಂದು ಪಾರ್ಟಿಗೆ ಹಾಕೋದೇ ಬೇಕಾಗಿಲ್ಲ ಸರ್, ಮನೇಲಿ ಕೂತ್ರೆ ಸಾಕು. ಬೂತಿಗೆ ಬಂದು ಪ್ರೆಸಿಡೆಂಟ್ ಸಾಲು ಖಾಲಿ ಬಿಟ್ರೂ ಸಾಕು. ಆ ವರ್ಷ ಮಿಶಿಗನ್‌ನಲ್ಲಿ 75 ಸಾವಿರಕ್ಕೂ ಜಾಸ್ತಿ ಜನ ವೋಟಿಗೆ ಬಂದು ಪ್ರೆಸಿಡೆಂಟ್ ಜಾಗಕ್ಕೆ ಏನೂ ಹಾಕದೆ ಹೋದ್ರು. ಗೆಲುವಿನ ಅಂತರ 10,704. ಡೆಟ್ರಾಯಿಟ್ ಇರೋ ವೇನ್ ಕೌಂಟಿ ಒಂದರಲ್ಲೇ ಡೆಮೊಕ್ರಾಟ್ ಕ್ಯಾಂಡಿಡೇಟ್ ಹಿಲರಿಗೆ 2012ರ ಒಬಾಮಾಗಿಂತ ಸುಮಾರು 76 ಸಾವಿರ ವೋಟು ಕಮ್ಮಿ ಬಿತ್ತು, ಅದರಲ್ಲಿ ಟ್ರಂಪ್ ಕಡೆ ಹೋದೋರಿಗಿಂತ ಎಲ್ಲೂ ಹೋಗದೆ ಉಳಿದೋರೇ ಜಾಸ್ತಿ. ದಾರಿ ಇಲ್ಲ ಅಂತ ನಾವಂದ್ಕೋತೀವಿ, ಅವರಿಗೆ ಸೋಫಾ ಇದೆ.

---

ಹುಬ್ಬಳ್ಳಿ_ವಾರನ್ | ಮಾರ್ಚ್ 2

ಅಕ್ಕಾರ ಮಾತು ಖರೇ ಐತ್ರಿ. ನಾ ಆಟೋ ಪಾರ್ಟ್ಸ್ ಕಂಪನ್ಯಾಗ ಕ್ವಾಲಿಟಿ ಎಂಜಿನಿಯರ್, ದಿನಾ ಶಾಪ್ ಫ್ಲೋರ್ ಮ್ಯಾಲ ಇರ್ತೀನಿ. ಹೋದ ವರ್ಷ ಸೆಪ್ಟೆಂಬರ್ 26ಕ್ಕ ಬೈಡನ್ ಬಂದು ಯುಎಡಬ್ಲ್ಯು (ಕಾರ್ ಕಾರ್ಮಿಕರ ಯೂನಿಯನ್) ಸ್ಟ್ರೈಕಿನ್ಯಾಗ ಕಾರ್ಮಿಕರ ಜೋಡಿ ನಿಂತಿದ್ರಲ್ಲ, ಅಧಿಕಾರದಾಗ ಇದ್ದ ಯಾವ ಪ್ರೆಸಿಡೆಂಟೂ ಹಂಗ ಪಿಕೆಟ್ ಲೈನಿಗೆ ಬಂದಿದ್ದಿಲ್ಲ. ಆವತ್ತ ನಮ್ಮ ಮಂದಿ ಭಾಳ ಖುಷಿ ಪಟ್ಟಿದ್ರು, ಫೋಟೋ ತೋರಿಸ್ಕೊಂತ ಅಡ್ಡಾಡಿದ್ರು. ಜನವರಿ 24ಕ್ಕ ಯೂನಿಯನ್ ಅಧ್ಯಕ್ಷ ಶಾನ್ ಫೇನ್ ಸಪೋರ್ಟ್ ಘೋಷಣಾನೂ ಮಾಡಿದ್ರು. ಮ್ಯಾಲಿನ ಲೆಕ್ಕದಾಗ ಎಲ್ಲಾ ಬರೋಬ್ಬರಿ.

ಆದ್ರ ಊಟದ ಟೈಮ್‌ನ್ಯಾಗ ಕುಂತು ಕೇಳ್ರಿ. ಒಬ್ಬಾಂವ ತತ್ತಿ ರೇಟ್ ಹೇಳ್ತಾನ, ಇನ್ನೊಬ್ಬಾಂವ ಟ್ರಕ್ ಲೋನಿನ ಬಡ್ಡಿ ಹೇಳ್ತಾನ, ಮಗಳ ಅಪಾರ್ಟ್‌ಮೆಂಟ್ ಬಾಡಗಿ ಹೇಳ್ತಾನ. 2022ರ ಜೂನಿನ್ಯಾಗ ಹಣದುಬ್ಬರ 9.1% ಇತ್ತು, ಈಗ ಇಳಿದೈತಿ ಅಂತ ಪೇಪರ್‌ನ್ಯಾಗ ಬರ್ತೈತಿ, ಆದ್ರ ಏರೋ ವೇಗ ಇಳಿದೈತಿ ಬಿಟ್ರ ರೇಟ್ ಇಳಿದಿಲ್ಲಲ್ರಿ. ಮಂದಿಗೆ ಬಿಲ್ ಕಾಣ್ತೈತಿ, ಚಾರ್ಟ್ ಕಾಣಂಗಿಲ್ಲ. ಬೈಡನ್ ಮ್ಯಾಲ ಸಿಟ್ಟಿಲ್ಲ ಅವರಿಗೆ. ಹೆಸರು ತಗದ್ರ ಸುಮ್ನ ಆಗಿಬಿಡ್ತಾರ. "ವಯಸ್ಸಾಗೈತಿ ಪಾಪ" ಅಂತಾರ, ಅಷ್ಟ. ಬೈದ್ರ ಬ್ಯಾರೆ ಇತ್ರಿ, ಈ ಪಾಪ ಅನ್ನೋದ ನನಗ ಕೆಟ್ಟ ಅನಿಸ್ತೈತಿ.

ವಾರನ್ ಇರೋ ಮ್ಯಾಕೋಂಬ್ ಕೌಂಟಿ ಒಬಾಮಾಗೆ ಎರಡು ಸಲ ಹಾಕಿ ಆಮ್ಯಾಲ ಟ್ರಂಪಿಗೆ ಎರಡು ಸಲ ಹಾಕಿದ ಜಾಗ. ಇಲ್ಲೆ ಯಾರದೂ ಕಾಯಂ ವೋಟಲ್ಲ.

---

ಆನ್‌ಆರ್ಬರ್_ಸ್ಟೂಡೆಂಟ್ | ಮಾರ್ಚ್ 2

ನಾನು ಎಫ್1 ವೀಸಾ, ವೋಟಿಲ್ಲ. ಆದ್ರೆ ಕ್ಯಾಂಪಸಲ್ಲಿ ಇರೋಳಾಗಿ ಒಂದು ಮಾತು ಹೇಳ್ಲೇಬೇಕು, ಇಷ್ಟೊತ್ತು ಯಾರೂ ಗಾಜಾ ಅನ್ನೋ ಪದಾನೇ ತೆಗೀಲಿಲ್ಲ. ಅಲ್ಲಿನ ಯುದ್ಧದಲ್ಲಿ ಬೈಡನ್ ಇಸ್ರೇಲ್ ಬೆಂಬಲಿಸಿದ್ದಕ್ಕೇ ಈ ಅನ್‌ಕಮಿಟೆಡ್ ಚಳವಳಿ.

ನನ್ನ ರೂಮ್‌ಮೇಟ್ ಡಿಯರ್‌ಬಾರ್ನ್ ಹುಡುಗಿ (ಡೆಟ್ರಾಯಿಟ್ ಪಕ್ಕದ, ಅರಬ್ ಮೂಲದವರು ಜಾಸ್ತಿ ಇರೋ ಊರು), ಲೆಬನೀಸ್ ಮನೆತನ. 2020ರಲ್ಲಿ ಅವಳಿಗೆ ಇನ್ನೂ ವೋಟಿರ್ಲಿಲ್ಲ, ಆದ್ರೂ ಅಪ್ಪನ ಜೊತೆ ಬೈಡನ್ ಪರ ಬಾಗಿಲು ತಟ್ಟಿದ್ಳಂತೆ. ಈ ಸಲ ಅದೇ ಬೀದೀಲಿ ಅದೇ ಮನೆಗಳ ಬಾಗಿಲು ತಟ್ಟಿ ಅನ್‌ಕಮಿಟೆಡ್ ಹಾಕಿ ಅಂತ ಕೇಳಿದ್ಳು. ಒಬ್ಬ ಅಜ್ಜಿ ಬಾಗಿಲು ತೆಗೆದು ಇವಳು ಮಾತು ಮುಗಿಸೋ ಮುಂಚೆನೇ ಒಳಗೆ ಕರೆದು ಟೀ ಕೊಟ್ಟು ಫೋನಲ್ಲಿ ತಮ್ಮ ಕಡೆಯೋರ ಫೋಟೋಗಳನ್ನ ಒಂದೊಂದಾಗಿ ತೋರಿಸಿದ್ರಂತೆ, ಇವರಿಲ್ಲ, ಇವರೂ ಇಲ್ಲ ಅಂತ. ಅವಳು ರೂಮಿಗೆ ಬಂದು ಅವತ್ತು ಊಟ ಮಾಡ್ಲಿಲ್ಲ.

ಜನವರಿ ಕೊನೇಲಿ ಬೈಡನ್ ಕ್ಯಾಂಪೇನ್ ಮ್ಯಾನೇಜರ್ ಡಿಯರ್‌ಬಾರ್ನ್ ಕಡೆ ಬಂದಾಗ ಮೇಯರ್ ಅಬ್ದುಲ್ಲಾ ಹಮ್ಮೂದ್ ಭೇಟಿ ಆಗೋಕೇ ಒಪ್ಪಲಿಲ್ಲ, ಆಮೇಲೆ ವೈಟ್‌ಹೌಸ್ ಅಧಿಕಾರಿಗಳೇ ಬರ್ಬೇಕಾಯ್ತು. ತಮ್ಮದೇ ಪಾರ್ಟಿಯ ಮೇಯರ್ ಅವರು. ಪ್ರೈಮರೀಲಿ ಡಿಯರ್‌ಬಾರ್ನ್‌ನಲ್ಲಿ ಅನ್‌ಕಮಿಟೆಡ್ ಬೈಡನ್‌ನೇ ಹಿಂದೆ ಹಾಕ್ತು, ಅರ್ಧಕ್ಕಿಂತ ಜಾಸ್ತಿ. ನಮ್ಮ ಆನ್ ಆರ್ಬರಲ್ಲೂ ರಾಜ್ಯದ ಸರಾಸರಿಗಿಂತ ಮೇಲೆ. ಇದನ್ನ ಉತ್ಸಾಹ ಕಮ್ಮಿ ಅಂತ ಕರಿಯೋದು ನನಗೆ ಸರಿ ಕಾಣಲ್ಲ. ಅವರಿಗೆ ದುಃಖ ಆಗಿದೆ.

---

ತೀರ್ಥಹಳ್ಳಿ_ನೋವೈ | ಮಾರ್ಚ್ 2

ಪುಟ್ಟಿ, ನೀನು ಹೇಳಿದ್ದು ಸರಿ, ನಾನು ಅದನ್ನ ಮೊದ್ಲೇ ಬರೀಬೇಕಿತ್ತು. ಎರಡೂ ಬೇರೆ ಬೇರೆ. ದುಃಖ ಇರೋರು ಬಂದು ಹೇಳಿ ಹೋದ್ರು, ಅವರು ಇನ್ನೂ ಮಾತಾಡ್ತಿದಾರೆ ಅಂತಾಯ್ತು. ಮಾತೂ ಬೇಡ ಅಂತ ಸುಮ್ಮನಾದೋರು ಬೇರೆ. ಪಾರ್ಟಿಯೋರು ಮೊದಲ್ನೇಯವರನ್ನ ಸಮಸ್ಯೆ ಅಂತ ನೋಡ್ತಿದಾರೆ, ಎರಡನೇಯವರು ಅವರ ಕಣ್ಣಿಗೇ ಬಿದ್ದಿಲ್ಲ.

---

ಮಂಡ್ಯ_ಸ್ಟರ್ಲಿಂಗ್‌ಹೈಟ್ಸ್ | ಮಾರ್ಚ್ 3

ನಾನು ಟ್ರಂಪಿಗೆ ಹಾಕೋನು ಕಣ್ರೀ, ಮುಚ್ಚಿಟ್ಕೊಳ್ಳೋದೇನಿಲ್ಲ. ನಮ್ಮ ಕಡೆ ಪ್ರೈಮರಿಗೆ 11 ಲಕ್ಷದ ಹತ್ರ ಜನ ಬಂದವ್ರೆ, ಡೆಮೊಕ್ರಾಟ್ ಕಡೆ 8 ಲಕ್ಷ ದಾಟಿಲ್ಲ. ನಮ್ಮಲ್ಲಿ ಸ್ಪರ್ಧೆ ಇತ್ತು ಅಂತೀರಾ, ಸರಿ, ಒಪ್ದೆ. ಆದ್ರೂ ನಮ್ಮ ಬೀದೀಲಿ ಬೋರ್ಡ್ ಎಣಿಸಿ ನೋಡಿ, ನಾಲ್ಕು ವರ್ಷದಿಂದ ಬಿಚ್ಚದೇ ಇರೋ ಬಾವುಟ ಅವೆ. ಬೈಡನ್ ಬೋರ್ಡ್ ಹಾಕಿದ್ದ ಮನೆಗಳು ಇನ್ನೂ ಖಾಲಿ. ಅವರೇನು ನಮ್ಮ ಕಡೆ ಬಂದಿಲ್ಲ, ಅದು ನಂಗೂ ಗೊತ್ತು.

---

ಮೈಸೂರು_ಮೇಷ್ಟ್ರು | ಮಾರ್ಚ್ 3

ಮಗಳ ಮನೆ ಲ್ಯಾನ್ಸಿಂಗ್‌ನಲ್ಲಿ, ನಾನು ಬಂದುಹೋಗೋನು. ಇತಿಹಾಸ ಪಾಠ ಮಾಡ್ದೋನು, ಅದಕ್ಕೆ ಒಂದು ಹಳೇ ಉದಾಹರಣೆ. 1968ರ ಮಾರ್ಚ್ 12, ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ. ಹಾಲಿ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ 49%, ವಿಯೆಟ್ನಾಂ ಯುದ್ಧ ಬೇಡ ಅಂತ ಅವರದೇ ಪಾರ್ಟೀಲಿ ನಿಂತ ಯೂಜೀನ್ ಮೆಕಾರ್ತಿಗೆ 42%. ಲೆಕ್ಕಕ್ಕೆ ಗೆದ್ದಿದ್ದು ಜಾನ್ಸನ್. ಅದೇ ಮಾರ್ಚ್ 31ಕ್ಕೆ ಮತ್ತೆ ನಿಲ್ಲಲ್ಲ ಅಂತ ಟಿವೀಲಿ ಹೇಳಿದ್ರು. 1992ರಲ್ಲಿ ಹಿರಿಯ ಬುಷ್‌ಗೂ ಅಲ್ಲೇ 53%, ಎದುರಾಳಿ ಬ್ಯುಕಾನನ್‌ಗೆ 37%, ನವೆಂಬರಲ್ಲಿ ಬುಷ್ ಸೋತ್ರು. ಹಾಲಿ ಅಧ್ಯಕ್ಷರ ಪ್ರೈಮರೀಲಿ ಗೆದ್ರಾ ಅನ್ನೋದಕ್ಕಿಂತ ಸ್ವಂತ ಮನೆಯೋರು ಎಷ್ಟು ಜನ ಬೇಡ ಅಂದ್ರು ಅನ್ನೋದನ್ನ ನೋಡ್ಬೇಕು. 13% ಅಷ್ಟು ದೊಡ್ಡದಲ್ಲ, ನಿಜ. ಆದ್ರೆ ನೀವಿರೋ ರಾಜ್ಯದಲ್ಲಿ 2020ರಲ್ಲಿ ಬೈಡನ್ ಗೆದ್ದ ಅಂತರ ಎಷ್ಟು? 1,54,188. ಲಕ್ಷ ಅನ್ನೋದು ಅದರಲ್ಲಿ ಮೂರನೇ ಎರಡು ಪಾಲು.

---

ಮ್ಯಾಡಿಸನ್_ಕೊಡಗು | ಏಪ್ರಿಲ್ 3

ಥ್ರೆಡ್ ಮತ್ತೆ ಮೇಲೆ ತರ್ತಿದೀನಿ. ನಿನ್ನೆ ನಮ್ಮ ವಿಸ್ಕಾನ್ಸಿನ್ ಪ್ರೈಮರಿ ಆಯ್ತು. ಇಲ್ಲಿ ಆ ಖಾನೆಗೆ ಅನ್‌ಇನ್‌ಸ್ಟ್ರಕ್ಟೆಡ್ ಅಂತ ಹೆಸರು. 48 ಸಾವಿರ, 8.3%. 2020ರಲ್ಲಿ ಬೈಡನ್ ಇಲ್ಲಿ ಗೆದ್ದಿದ್ದು 20,682ರಲ್ಲಿ, ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ಹಂಗೇನೆ ಹೇಲಿ ರೇಸಿಂದ ಮಾರ್ಚ್ 6ಕ್ಕೇ ಹಿಂದೆ ಸರಿದಿದ್ರೂ ರಿಪಬ್ಲಿಕನ್ ಕಡೆ ಅವರಿಗೆ 12% ಮೇಲೆ ಬಿದ್ದಿದೆ. ಎರಡೂ ಮನೇಲಿ ಸೋರ್ತಿದೆ, ಯಾರ ಮನೇಲಿ ಜಾಸ್ತಿ ಅನ್ನೋದು ಪ್ರಶ್ನೆ.

---

ಕುಡ್ಲ_ಟು_ಟ್ರಾಯ್ | ಜೂನ್ 28

ನಿನ್ನೆಯ ಬೈಡನ್-ಟ್ರಂಪ್ ಡಿಬೇಟ್ ನೋಡಿದೆ, ಬೈಡನ್ ಮಾತಿಗೇ ತಡವರಿಸಿದ್ರು. ಅರ್ಧಕ್ಕೆ ನನ್ನ ಹೆಂಡತಿ ಎದ್ದು ಪಾತ್ರೆ ತೊಳೆಯಲಿಕ್ಕೆ ಹೋದ್ಳು, ನೋಡಲಿಕ್ಕೆ ಆಗುವುದಿಲ್ಲ ಅಂತ. ಮೇಡಮ್, ನಾನು ಮಾರ್ಚಲ್ಲಿ ಬರೆದದ್ದು ವಾಪಸ್ ತಗೊಳ್ತೇನೆ.

---

ತೀರ್ಥಹಳ್ಳಿ_ನೋವೈ | ಜುಲೈ 23

ಭಾನುವಾರ 21ಕ್ಕೆ ಬೈಡನ್ ಹಿಂದೆ ಸರಿದ್ರು. ಸುದ್ದಿ ಬಂದಾಗ ನಾನು ದೋಸೆಗೆ ರುಬ್ತಿದ್ದೆ, ಮಿಕ್ಸಿ ನಿಲ್ಲಿಸಿ ನಿಂತ್ಬಿಟ್ಟೆ. 50 ವರ್ಷ ರಾಜಕೀಯದಲ್ಲಿದ್ದ ಮನುಷ್ಯ, ಬೇಜಾರಾಯ್ತು, ಅದೇ ಹೊತ್ತಿಗೆ ಎದೆ ಹಗುರಾನೂ ಆಯ್ತು. ಅವರ ಜಾಗಕ್ಕೆ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಹೆಸರು ಬಂದ್ಮೇಲೆ ಎರಡೇ ದಿನದಲ್ಲಿ ನಮ್ಮ ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಲ್ಲಿ ವಾಲಂಟಿಯರ್ ಆಗೋದು ಹೆಂಗೆ ಅಂತ ಏಳು ಜನ ಕೇಳಿದಾರೆ, ಆರು ತಿಂಗಳಿಂದ ಒಬ್ರೂ ಕೇಳಿರ್ಲಿಲ್ಲ. ಕಮಲಾ ಅವರ ಅಮ್ಮ ನಮ್ಮ ಪಕ್ಕದ ತಮಿಳುನಾಡಿನವರು ಅನ್ನೋ ಖುಷೀನೂ ಇದೆ. ಬೀದಿ ಕೊನೆಯ ಅಮ್ಮ ಸೈನ್‌ಬೋರ್ಡ್ ಎಲ್ಲಿ ಸಿಗತ್ತೆ ಅಂತ ಕೇಳಿದ್ರು.

ಆದ್ರೂ ಹೇಳ್ತೀನಿ, ಫೆಬ್ರವರೀಲಿ ಬಂದು ಹೇಳಿ ಹೋದ ಲಕ್ಷ ಜನಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಹೆಸರು ಬದ್ಲಾಯ್ತು, ಸರ್ಕಾರ ಅದೇ.

---

ಆನ್‌ಆರ್ಬರ್_ಸ್ಟೂಡೆಂಟ್ | ಆಗಸ್ಟ್ 24

ಶಿಕಾಗೋ ಅಧಿವೇಶನ ಮುಗೀತು. ಅನ್‌ಕಮಿಟೆಡ್ ಡೆಲಿಗೇಟ್‌ಗಳು ಕೇಳಿದ್ದು ಒಂದೇ, ಒಬ್ಬ ಪ್ಯಾಲೆಸ್ಟೀನಿಯನ್ ಅಮೆರಿಕನ್‌ಗೆ ವೇದಿಕೆ ಮೇಲೆ ಮಾತಾಡೋಕೆ ಕೆಲವು ನಿಮಿಷ. ಕೊಡ್ಲಿಲ್ಲ. ಹಾಲ್ ಹೊರಗೆ ರಾತ್ರಿಯಿಡೀ ನೆಲದ ಮೇಲೆ ಕೂತಿದ್ರು. ನನ್ನ ರೂಮ್‌ಮೇಟ್ ಲೈವ್ ನೋಡ್ತಾ ಇದ್ದೋಳು ಫೋನ್ ಆಫ್ ಮಾಡಿ ಮಲಗಿದ್ಳು. ಅವಳು ಅತ್ತಿದ್ರೆ ನನಗೆ ಇಷ್ಟು ಭಯ ಆಗ್ತಿರ್ಲಿಲ್ಲ. ಅಕ್ಕ, ನೀವಂದ ಎರಡನೇ ಗುಂಪಿಗೆ ಅವಳು ಸೇರಿದ್ಳು ಅನ್ಸತ್ತೆ.

---

ಹುಬ್ಬಳ್ಳಿ_ವಾರನ್ | ನವೆಂಬರ್ 7

ಮುಗೀತ್ರಿ. ಮಿಶಿಗನ್ ಸುಮಾರು 80 ಸಾವಿರದಾಗ ಟ್ರಂಪಿಗೆ ಹೋತು. ಡಿಯರ್‌ಬಾರ್ನ್ ನೋಡ್ರಿ, ಟ್ರಂಪ್ 42%, ಹ್ಯಾರಿಸ್ 36%, ಗ್ರೀನ್ ಪಾರ್ಟಿಯ ಜಿಲ್ ಸ್ಟೈನ್ 18%. ನಾಲ್ಕ ವರ್ಷದ ಹಿಂದ ಬೈಡನ್‌ಗೆ ಮೂರರಾಗ ಎರಡು ಪಾಲಿಗಿಂತ ಹೆಚ್ಚಿಗಿ ಕೊಟ್ಟ ಊರು. ಆದ್ರ ಡಿಯರ್‌ಬಾರ್ನ್ ಒಂದರಿಂದ ಹೋತು ಅನ್ನೋದು ತಪ್ಪು. ಇಡೀ ವೇನ್ ಕೌಂಟಿಯೊಳಗ ಹ್ಯಾರಿಸ್‌ಗೆ ಬೈಡನ್‌ಗಿಂತ ಸುಮಾರು 60 ಸಾವಿರ ಕಡಿಮಿ ಬಿದ್ದಾವು, ಟ್ರಂಪಿಗೆ ಏರಿದ್ದು ಅದರ ಅರ್ಧಕ್ಕಿಂತ ಕಡಿಮಿ. ಉಳಿದವರೆಲ್ಲಿ ಹೋದ್ರು? ಅದ ದಿನ ಸೆನೆಟ್‌ಗೆ ಡೆಮೊಕ್ರಾಟ್ ಎಲಿಸಾ ಸ್ಲಾಟ್ಕಿನ್ ಗೆದ್ದಾರ, ಸಣ್ಣ ಅಂತರದಾಗ. ಪಾರ್ಟಿ ಪೂರಾ ಬ್ಯಾಡ ಅಂದಿಲ್ಲ ಮಂದಿ.

---

ತೀರ್ಥಹಳ್ಳಿ_ನೋವೈ | ನವೆಂಬರ್ 8

ಎರಡು ದಿನ ಬರೆಯೋಕೆ ಆಗ್ಲಿಲ್ಲ.

ಮಂಗಳವಾರ ಮತ್ತೆ ಅದೇ ಟೇಬಲ್. ಒಟ್ಟು ಮತದಾನ ರಾಜ್ಯದ ದಾಖಲೆ ಮುರೀತು ಅಂತ ಹೇಳ್ತಿದಾರೆ, ನಮ್ಮಲ್ಲೂ ಕ್ಯೂ ಇತ್ತು, ಅರ್ಲಿ ವೋಟಿಂಗಲ್ಲೂ ಇತ್ತು. ಹಾಗಾಗಿ ಯಾರೂ ಬರ್ಲೇ ಇಲ್ಲ ಅಂತ ನಾನು ಹೇಳಲ್ಲ, ಬಂದ್ರು. ಬೀದಿ ಕೊನೆಯ ಅಮ್ಮ ಚರ್ಚಿನ ಗೆಳತೀನ ಕರ್ಕೊಂಡು ಬಂದ್ರು, ಸ್ಟಿಕರ್ ಕೋಟಿಗೆ ಅಂಟಿಸ್ಕೊಂಡ್ರು. ಮೊಮ್ಮಗ ಬರ್ಲಿಲ್ಲ. ನಾನೂ ಕೇಳೋಕೆ ಹೋಗ್ಲಿಲ್ಲ.

ಮಧ್ಯಾಹ್ನ ಒಬ್ಬ ಹುಡುಗ, ಇಪ್ಪತ್ತೈದು ಇರ್ಬಹುದು, ವರ್ಕ್ ಬೂಟಲ್ಲೇ ಬಂದಿದ್ದ. ಬ್ಯಾಲೆಟ್ ತಗೊಂಡು ಎರಡು ಹೆಜ್ಜೆ ಹೋದೋನು ವಾಪಸ್ ಬಂದು ದನಿ ತಗ್ಗಿಸಿ ಕೇಳ್ದ, "ಮೇಲಿನ ಸಾಲು ಖಾಲಿ ಬಿಟ್ಟು ಉಳಿದಿದ್ದು ತುಂಬಿದ್ರೆ ಮಿಷಿನ್ ತಗೊಳತ್ತಾ, ಇಲ್ಲಾ ಪೂರ್ತಿ ಕ್ಯಾನ್ಸಲ್ ಆಗತ್ತಾ?" ಅಂತ. ನಾವು ಅಲ್ಲಿ ಒಂದು ಮಾತೂ ಆ ಕಡೆ ಈ ಕಡೆ ಹೇಳೋ ಹಾಗಿಲ್ಲ. ತಗೊಳತ್ತೆ, ಉಳಿದಿದ್ದೆಲ್ಲಾ ಲೆಕ್ಕಕ್ಕೆ ಬರತ್ತೆ ಅಂದೆ. ಥ್ಯಾಂಕ್ಯೂ ಅಂತ ಹೋದ. ಸಂಜೆ ಒಳಗೆ ಇನ್ನೂ ಮೂರು ಜನ ಅದನ್ನೇ ಕೇಳಿದ್ರು, ನಾಲ್ಕೂ ಜನಕ್ಕೆ ಅದೇ ಉತ್ತರ ಕೊಟ್ಟೆ.